ಸ್ಯಾನ್ ಮರಿನೊ ಬಗ್ಗೆ ಬರೆಯುತ್ತಿರುವ ಯುವ ಬರಹಗಾರರಿಗೆ

ಪ್ರಿಯ ಮಿತ್ರರೇ,

ಒಲಿಂಪಿಕ್ಸ್‌ನಲ್ಲಿ ಸ್ಯಾನ್ ಮರಿನೊ ನಡೆದುಬಂದ ದಾರಿಯ ಕುರಿತು ನೀವು ಕಳುಹಿಸಿದ ಕರಡನ್ನು ಗಮನವಿಟ್ಟು ಓದಿದೆ. ಸುಮಾರು 34 ಸಾವಿರ ಜನರಿರುವ ದೇಶವೊಂದು ಟೋಕಿಯೊಗೆ ಐವರನ್ನು ಕಳುಹಿಸಿ ಮೂರು ಪದಕ ಗೆದ್ದ ಸಂಗತಿಯಿಂದ ಬರಹವನ್ನು ಆರಂಭಿಸಿ, ಅದರಲ್ಲಿಯೇ ಮುಗಿಸಿದ್ದೀರಿ. ಲಕ್ಷ ಜನರಿಗೆ ಎಷ್ಟು ಪದಕ ಎಂಬ ಲೆಕ್ಕಾಚಾರಕ್ಕೆ ಇಡೀ ಒಂದು ಪುಟ ಕೊಟ್ಟಿದ್ದೀರಿ. ಆ ಪುಟವನ್ನು ದಯವಿಟ್ಟು ತೆಗೆದುಹಾಕಿ.

ನಾಲ್ಕೂ ಕಡೆ ಇಟಲಿಯೇ ಇರುವ ಆ ಪುಟ್ಟ ಗಣರಾಜ್ಯ ಒಲಿಂಪಿಕ್ಸ್‌ಗೆ ಮೊದಲು ಕಾಲಿಟ್ಟದ್ದು 1960ರಲ್ಲಿ, ಪಕ್ಕದ ರೋಮ್‌ನಲ್ಲಿ ಕೂಟ ನಡೆದಾಗ. ಮೊದಲ ಪದಕ ಬಂದದ್ದು 2021ರಲ್ಲಿ. ನಡುವಿನ 61 ವರ್ಷಗಳನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ನನ್ನ ಪ್ರಕಾರ ನಿಮ್ಮ ಕಥೆಯ ಜೀವಾಳ ಇರುವುದು ಅಲ್ಲಿಯೇ.

2012ರ ಲಂಡನ್ ಕೂಟವನ್ನೇ ನೋಡಿ. ಗಾಳಿಗೆ ಚಿಮ್ಮುವ ತಟ್ಟೆಗಳನ್ನು ಗುಂಡಿಟ್ಟು ಒಡೆಯುವ ಟ್ರ್ಯಾಪ್ ಸ್ಪರ್ಧೆಯ ಫೈನಲ್‌ನಲ್ಲಿ ಸ್ಯಾನ್ ಮರಿನೊದ ಅಲೆಸ್ಸಾಂಡ್ರಾ ಪೆರಿಲ್ಲಿ ಸೇರಿ ಮೂವರು 93 ಅಂಕಗಳಲ್ಲಿ ಸಮನಾಗಿ ನಿಂತರು. ಉಳಿದಿದ್ದದ್ದು ಬೆಳ್ಳಿ ಮತ್ತು ಕಂಚು ಮಾತ್ರ. ಸಮಬಲ ಮುರಿಯುವ ಹೆಚ್ಚುವರಿ ಸುತ್ತು, ಅಂದರೆ ಶೂಟ್-ಆಫ್ ನಡೆದು, ಮೂವರಲ್ಲಿ ಬರಿಗೈಯಲ್ಲಿ ಮರಳಿದವರು ಪೆರಿಲ್ಲಿ ಒಬ್ಬರೇ. ಅವರು ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಒಂಬತ್ತು ವರ್ಷಗಳ ನಂತರ, 2021ರ ಜುಲೈ 29ರಂದು. ಎರಡು ದಿನ ಕಳೆದು ಜಾನ್ ಮಾರ್ಕೊ ಬೆರ್ತಿ ಅವರೊಂದಿಗೆ ಮಿಶ್ರ ತಂಡ ವಿಭಾಗದ ಫೈನಲ್‌ನಲ್ಲಿ ಸ್ಪೇನ್‌ಗೆ 41-40ರಿಂದ ಸೋತು ಬೆಳ್ಳಿ ಪಡೆದರು. ಲಂಡನ್ನಿನ ಆ ನಾಲ್ಕನೆಯ ಸ್ಥಾನವನ್ನು ಓದುಗರಿಗೆ ತೋರಿಸದೆ ಟೋಕಿಯೊದ ಕಂಚಿನ ತೂಕವನ್ನು ಮನಗಾಣಿಸಲು ನಿಮಗೆ ಸಾಧ್ಯವಾಗದು.

ಟೋಕಿಯೊದ ಮೂರನೆಯ ಪದಕವಾದ ಕುಸ್ತಿಯ ಕಂಚಿನ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕತೆ ಬೇಕು. ಕುಸ್ತಿಪಟು ಮೈಲ್ಸ್ ಅಮೀನ್ ಬೆಳೆದದ್ದು ಅಮೆರಿಕದ ಮಿಶಿಗನ್‌ನಲ್ಲಿ. ಸ್ಯಾನ್ ಮರಿನೊ ಪರವಾಗಿ ಅಖಾಡಕ್ಕಿಳಿಯುವ ಅರ್ಹತೆ ಅವರಿಗೆ ದೊರೆತದ್ದು ತಾಯಿಯ ಕಡೆಯಿಂದ. ಇದನ್ನು ನೀವು ಮರೆಮಾಚಿದ್ದೀರಿ, ಬಹುಶಃ ಕಥೆಯ ಸೊಗಸು ಕೆಡುತ್ತದೆಂಬ ಅಳುಕಿನಿಂದ. ಆದರೆ ಅವರ ತಂದೆಯ ತಂದೆ ಲೆಬನಾನ್ ಪರವಾಗಿ ಕುಸ್ತಿಯಾಡಿದ್ದು 1960ರ ಅದೇ ರೋಮ್ ಕೂಟದಲ್ಲಿ. ವಲಸೆಯ ಈ ಎಳೆಯನ್ನು ಬಿಟ್ಟರೆ ಸಣ್ಣ ದೇಶಗಳ ಕ್ರೀಡಾಚರಿತ್ರೆ ಅರ್ಧವೇ ಉಳಿಯುತ್ತದೆ.

ಆ ಕಂಚಿನ ಪಂದ್ಯದಲ್ಲಿ ಅಮೀನ್ ಎದುರು ನಿಂತವರು ನಮ್ಮ ದೀಪಕ್ ಪೂನಿಯಾ. ಮುನ್ನಡೆಯಲ್ಲಿದ್ದ ಪೂನಿಯಾ ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಹಿಡಿತ ಕಳೆದುಕೊಂಡು 2-4ರಿಂದ ಸೋತ ಆ ಗಳಿಗೆ ನಮ್ಮಲ್ಲಿ ಅನೇಕರನ್ನು ಇಂದಿಗೂ ಕಾಡುತ್ತದೆ. ಕನ್ನಡದ ಓದುಗರು ನಿಮ್ಮ ಬರಹಕ್ಕೆ ಆ ನೋವಿನೊಂದಿಗೇ ಬರುತ್ತಾರೆ. ಅದನ್ನು ಗೌರವಿಸಿ, ಆನಂತರ ಗೆದ್ದವನ ಕಡೆಗೆ ಅವರನ್ನು ಕರೆದೊಯ್ಯಿರಿ.

ಇನ್ನೊಂದು ಮಾತು. ಯುರೋಪಿನ ಸಣ್ಣ ರಾಷ್ಟ್ರಗಳ ಕ್ರೀಡಾಕೂಟದ ಹೆಸರೇ ನಿಮ್ಮ ಕರಡಿನಲ್ಲಿಲ್ಲ. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ದೇಶಗಳಿಗಾಗಿ ರೂಪುಗೊಂಡ ಆ ಕೂಟ 1985ರಲ್ಲಿ ಮೊದಲು ನಡೆದದ್ದು ಸ್ಯಾನ್ ಮರಿನೊದಲ್ಲಿಯೇ. 2001 ಮತ್ತು 2017ರಲ್ಲಿ ಮತ್ತೆ ಅಲ್ಲಿಗೆ ಮರಳಿತು. ಐಸ್‌ಲ್ಯಾಂಡ್, ಮಾಲ್ಟಾ, ಲಿಕ್ಟೆನ್‌ಸ್ಟೈನ್, ಅಂಡೋರಾದಂಥ ಸರಿಸಮಾನರೊಡನೆ ಸೆಣಸಿ ಗೆಲ್ಲಲೂ ಸೋಲಲೂ ಅಲ್ಲಿನ ಹುಡುಗ ಹುಡುಗಿಯರಿಗೆ ಸಿಗುವ ಕಣ ಅದು. ಲೆಕ್ಕಾಚಾರದ ಪುಟ ತೆರವಾದ ಜಾಗವನ್ನು ಇದಕ್ಕೆ ಕೊಟ್ಟು, ತಿದ್ದಿದ ಪ್ರತಿಯನ್ನು ಕಳುಹಿಸಿ.

ವಿಶ್ವಾಸಗಳೊಂದಿಗೆ,
ನಿಮ್ಮ ಹಿತೈಷಿ