ನೆರವಿನ ಬಾಗಿಲವರೆಗೆ ಕರೆದೊಯ್ಯುವವರು ಯಾರು? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಮಾನ್ಯರೇ,

ಬೆಂಗಳೂರಿನ ಪದವಿ ಕಾಲೇಜೊಂದರ ಅಧ್ಯಾಪಕನಾಗಿ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ಅಂಗವಿಕಲ ವಿದ್ಯಾರ್ಥಿಗಳಿಗೂ ಮಾನಸಿಕ ಸಂಕಟದಲ್ಲಿರುವ ವಿದ್ಯಾರ್ಥಿಗಳಿಗೂ ಆಸರೆಯಾಗಬಲ್ಲ ಕಾನೂನುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಆಟಿಸಂ, ಕಲಿಕಾ ನ್ಯೂನತೆ ಮತ್ತು ಮಾನಸಿಕ ಕಾಯಿಲೆಗಳೂ ಆ ಪಟ್ಟಿಯಲ್ಲಿವೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತ ಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಗೆ (14416) ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ನಮ್ಮದೇ ನಗರದ ನಿಮ್ಹಾನ್ಸ್. ಇಷ್ಟಿದ್ದರೂ ವಿದ್ಯಾರ್ಥಿಗೂ ಈ ನೆರವಿಗೂ ನಡುವೆ ನಿಂತು ದಾರಿ ತೋರಿಸಬೇಕಾದವರು ಯಾರು, ಅವರು ಏನು ಮಾಡಬೇಕು ಎಂಬುದು ನಮ್ಮ ಕಾಲೇಜುಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಕಷ್ಟದಲ್ಲಿರುವ ವಿದ್ಯಾರ್ಥಿ ಮೊದಲು ಹೋಗುವುದು ಸಮಾಲೋಚನಾ ಕೇಂದ್ರಕ್ಕಲ್ಲ. ಹಾಜರಾತಿ ಕೊರತೆಯೆಂದು ಹೆಸರು ನೋಟಿಸ್ ಬೋರ್ಡಿಗೆ ಬಿದ್ದಾಗ ಅವನು ಕಚೇರಿಯ ಗುಮಾಸ್ತರ ಮುಂದೆ ನಿಲ್ಲುತ್ತಾನೆ. ಪರೀಕ್ಷಾ ಶುಲ್ಕ ಕಟ್ಟಲಾಗದಿದ್ದಾಗ ಪರೀಕ್ಷಾ ವಿಭಾಗದ ಕಿಟಕಿಯ ಬಳಿ ಬರುತ್ತಾನೆ. ಓದಿದ್ದು ತಲೆಗೆ ಹತ್ತುತ್ತಿಲ್ಲವೆಂದು ತನಗೆ ಹತ್ತಿರವೆನಿಸಿದ ಮೇಷ್ಟ್ರೊಬ್ಬರ ಬಳಿ ಹೇಳಿಕೊಳ್ಳುತ್ತಾನೆ. ಆ ಮೇಷ್ಟ್ರು ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. ವಯಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ಸಮೀಪದವರು, ಆದರೆ ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇವೆಂಬ ಖಾತರಿ ಇಲ್ಲದವರು. ತರಬೇತಿ ಎಂದಾಗಲೆಲ್ಲ ಕಾಯಂ ಅಧ್ಯಾಪಕರ ಪಟ್ಟಿಯನ್ನಷ್ಟೇ ತೆಗೆದರೆ, ವಿದ್ಯಾರ್ಥಿಗಳ ಮಾತಿಗೆ ನಿಜವಾಗಿ ಕಿವಿಗೊಡುವವರೇ ಹೊರಗುಳಿಯುತ್ತಾರೆ. ಆದ್ದರಿಂದ ಅತಿಥಿ ಉಪನ್ಯಾಸಕರನ್ನೂ ಕಚೇರಿ, ಗ್ರಂಥಾಲಯ ಮತ್ತು ಪರೀಕ್ಷಾ ವಿಭಾಗದ ಸಿಬ್ಬಂದಿಯನ್ನೂ ಒಳಗೊಂಡ ತರಬೇತಿಗೆ ತಾವು ಆದೇಶಿಸಬೇಕು, ಮತ್ತು ಅದರಲ್ಲಿ ಕಳೆಯುವ ಸಮಯವನ್ನು ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲಿ ಎಣಿಸಬೇಕು.

ಈ ತರಬೇತಿ ನಮ್ಮನ್ನು ಮನೋವೈದ್ಯರನ್ನಾಗಿ ಮಾಡಬೇಕಿಲ್ಲ. ವಿದ್ಯಾರ್ಥಿಯ ಮಾತನ್ನು ನಡುವೆ ಕತ್ತರಿಸದೆ ಕೇಳುವುದು, ರೋಗಕ್ಕೆ ಹೆಸರಿಡಲು ಹೋಗದಿರುವುದು, ಬೇರೆಯವರಿಗೆ ತಿಳಿಸುವ ಮುನ್ನ ಅವನ ಒಪ್ಪಿಗೆ ಪಡೆಯುವುದು, ಜೀವಕ್ಕೆ ಅಪಾಯವಿರುವಂತೆ ತೋರಿದಾಗ ಮಾತ್ರ ಒಪ್ಪಿಗೆಗೆ ಕಾಯದೆ ತಕ್ಷಣ ನೆರವು ಕರೆಯುವುದು, ಇಷ್ಟು ಕಲಿಸಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಪ್ಪಿಸುವ ಕ್ರಮ. ‘ಕೌನ್ಸೆಲರ್ ಹತ್ತಿರ ಹೋಗಪ್ಪ’ ಎಂದು ನಾವು ಚೀಟಿ ಬರೆದುಕೊಟ್ಟರೆ ವಿದ್ಯಾರ್ಥಿ ಅಲ್ಲಿಗೆ ತಲುಪುತ್ತಾನೆಂದು ನಂಬುವಂತಿಲ್ಲ. ಅವನೆದುರೇ ಫೋನ್ ಮಾಡಿ ಸಮಯ ಗೊತ್ತುಪಡಿಸಿ, ಅವನು ಬಯಸಿದರೆ ಜೊತೆಗೆ ನಡೆದುಹೋಗಿ, ವಾರದ ನಂತರ ಹೇಗಿದ್ದೀಯ ಎಂದು ವಿಚಾರಿಸಿದರೆ ತಲುಪುವ ಸಂಭವ ಹೆಚ್ಚು. ಸಾವಿರ ಎಕರೆಗೂ ಮಿಕ್ಕಿ ಹರಡಿರುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಆವರಣದಲ್ಲಂತೂ, ಗಾಲಿಕುರ್ಚಿ ಬಳಸುವ ಅಥವಾ ಕಣ್ಣು ಕಾಣದ ವಿದ್ಯಾರ್ಥಿಗೆ ಜೊತೆಗೊಬ್ಬರು ಬರುವುದು ಬರಿಯ ಸೌಜನ್ಯದ ಮಾತಲ್ಲ. (ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ, ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದ್ದನ್ನು ದಾಖಲಿಸುವ ಮೆಂಟರ್ ಪುಸ್ತಕಗಳನ್ನು ತುಂಬಿಸುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಇದಕ್ಕೆ ಕೊಟ್ಟರೂ ನಮ್ಮಿಂದ ಬಹಳಷ್ಟು ಸಾಧ್ಯವಾದೀತು.)

ಪರೀಕ್ಷೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸ್ಕ್ರೈಬ್ (ವಿದ್ಯಾರ್ಥಿಯ ಪರವಾಗಿ ಉತ್ತರ ಬರೆದುಕೊಡುವವರು) ಮತ್ತು ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯದ ಬಗ್ಗೆ ಕೇಂದ್ರ 2018ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಂಗವೈಕಲ್ಯ ಶೇ 40 ಮುಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲವೆಂದು, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ನೀಡಿದೆ. ಈ ತೀರ್ಪಿನ ಅರಿವು ಪ್ರಾಂಶುಪಾಲರಿಗಿದ್ದು, ಅರ್ಜಿ ತೆಗೆದುಕೊಳ್ಳುವ ಗುಮಾಸ್ತರಿಗಿಲ್ಲದಿದ್ದರೆ ವಿದ್ಯಾರ್ಥಿಯ ಪಾಲಿಗೆ ಅದು ಇದ್ದೂ ಇಲ್ಲದಂತೆ. ಹಾಲ್ ಟಿಕೆಟ್ ಬಂದ ಮೇಲೆ ಪ್ರಮಾಣಪತ್ರ ಹಿಡಿದು ಓಡಾಡುವ ಪಾಡು ತಪ್ಪಬೇಕಾದರೆ, ರಾಜ್ಯದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ನಿರ್ವಹಣೆಯ ಯುಯುಸಿಎಂಎಸ್ ತಂತ್ರಾಂಶದಲ್ಲಿ ಪ್ರವೇಶ ಪಡೆಯುವಾಗಲೇ ‘ನಿಮಗೆ ಯಾವ ಅನುಕೂಲ ಬೇಕು’ ಎಂದು ಕೇಳಿ, ಒಮ್ಮೆ ಮಂಜೂರಾದ ಅನುಕೂಲವನ್ನು ಕೋರ್ಸ್ ಮುಗಿಯುವವರೆಗೆ ಎಲ್ಲ ಸೆಮಿಸ್ಟರ್‌ಗಳಿಗೂ ಅನ್ವಯಿಸಬೇಕು. ಶಾಲೆಯಲ್ಲಿ ಯಾರೂ ಗುರುತಿಸದ ಕಲಿಕಾ ನ್ಯೂನತೆಯೊಂದಿಗೇ ಪದವಿಗೆ ಬಂದವರಿಗೆ ತಪಾಸಣೆ ಎಲ್ಲಿ ನಡೆಯುತ್ತದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹೇಗೆ ಹಾಕಬೇಕು ಎಂದು ಹೇಳಿ ಅರ್ಜಿ ತುಂಬಲು ಕೈಜೋಡಿಸುವ ಒಬ್ಬರಾದರೂ ಪ್ರತಿ ಕಾಲೇಜಿನಲ್ಲಿರಬೇಕು.

ಇಲ್ಲಿ ತಮ್ಮ ಇಲಾಖೆಯೊಂದರಿಂದಲೇ ಆಗದ ಸಂಗತಿಯೂ ಒಂದಿದೆ. ರಾಯಚೂರಿನಿಂದ, ಚಾಮರಾಜನಗರದಿಂದ ಬೆಂಗಳೂರಿಗೆ ಓದಲು ಬರುವ ಎಷ್ಟೋ ಮಕ್ಕಳಿರುವುದು ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳಲ್ಲಿ. ವಿದ್ಯಾರ್ಥಿ ಊಟ ಬಿಟ್ಟದ್ದು, ಕೋಣೆಯಿಂದ ಹೊರಬರದದ್ದು ಮೊದಲು ಕಾಣುವುದು ವಾರ್ಡನ್‌ಗೆ ಮತ್ತು ಅಡುಗೆಯವರಿಗೆ. ಅವರು ತಮ್ಮ ಆಡಳಿತಕ್ಕೆ ಸೇರಿದವರಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಅನ್ಯಥಾ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಪೊಲೀಸ್ ಕೇಸಿನ ಭಯದಿಂದ ವಿಷಯವನ್ನು ಮುಚ್ಚಿಡಲು ನೋಡುವವರಿಗೆ ಇದನ್ನು ತಿಳಿಸಿಕೊಡುವುದು ಸಂಬಂಧಪಟ್ಟ ಸಚಿವರೊಂದಿಗೆ ತಾವು ಒಮ್ಮೆ ಕುಳಿತು ಮಾತನಾಡಿದರೆ ಆಗುವ ಕೆಲಸ. ನೇಮಕವಾಗುವ ಸಮಾಲೋಚಕರಿಗೆ ಕನ್ನಡ ಚೆನ್ನಾಗಿ ಬರಬೇಕೆಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಬಹುದು.

ವಿದ್ಯಾರ್ಥಿಗಳನ್ನು ನೆರವಿನವರೆಗೆ ತಲುಪಿಸಲು ಪ್ರತಿ ವಿಭಾಗಕ್ಕೆ ಒಬ್ಬ ಸಂಪರ್ಕ ಸಿಬ್ಬಂದಿಯನ್ನು ಹೆಸರಿಸಿ, ಅವರಿಗೆ ವಾರಕ್ಕೆ ಕೆಲವು ಗಂಟೆಗಳ ಬಿಡುವು ಕೊಡುವ ಸುತ್ತೋಲೆಯನ್ನಾದರೂ ಮುಂದಿನ ಸೆಮಿಸ್ಟರ್‌ನ ಪರೀಕ್ಷಾ ಅಧಿಸೂಚನೆಗೆ ಮುನ್ನ ಹೊರಡಿಸಬೇಕೆಂದು ವಿನಂತಿಸುತ್ತೇನೆ. ಅಧಿಸೂಚನೆ ಬಂದ ಮೇಲೆ ಕಚೇರಿಗಳಲ್ಲಿ ಬೇರೆ ಯಾವ ಕೆಲಸವೂ ನಡೆಯುವುದಿಲ್ಲವೆಂಬುದು ತಮಗೂ ತಿಳಿದಿದೆ.

ಇಂತಿ ತಮ್ಮ ವಿಶ್ವಾಸಿ,
ಪದವಿ ಕಾಲೇಜಿನ ಅಧ್ಯಾಪಕ, ಬೆಂಗಳೂರು