ಬೀಡಿ ಬಿಡುವವನಿಗೆ ದಾರಿ ಹೇಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಬೀಡಿ, ಸಿಗರೇಟು ಬಿಡಬೇಕು ಅಂದುಕೊಂಡವರು ಈಗ ನಮ್ಮ ಶಿಡ್ಲಘಟ್ಟದ ಕಡೆಯೂ ವೇಪ್, ಅಂದರೆ ಇ-ಸಿಗರೇಟಿನ ಬಗ್ಗೆ ವಿಚಾರಿಸುತ್ತಿದ್ದಾರೆ. ವಿಚಾರಿಸುವುದು ಡಾಕ್ಟರ ಹತ್ತಿರ ಅಲ್ಲ, ಮೆಡಿಕಲ್ ಸ್ಟೋರಿನಲ್ಲೂ ಅಲ್ಲ. ಬೆಂಗಳೂರಿನಿಂದ ಶನಿವಾರ ಊರಿಗೆ ಬರುವ ಹುಡುಗರ ಹತ್ತಿರ. ‘ಬೂದಿ ಇಲ್ಲ, ನಾತ ಇಲ್ಲ, ಬೀಡಿ ಬದಲು ಇದನ್ನ ಇಟ್ಕೊಳ್ಳಿ’ ಅಂತ ಅವರೂ ಧಾರಾಳವಾಗಿ ಹೇಳುತ್ತಾರೆ. ಸರ್ಕಾರದವರನ್ನು ಕೇಳಿದರೆ ‘ಅದು ಬ್ಯಾನ್’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಬ್ಯಾನ್ ಇರಲಿ, ನನ್ನ ತಕರಾರಿಲ್ಲ. ಆದರೆ ಬಿಡಬೇಕು ಅಂತ ಮನಸ್ಸು ಮಾಡಿದವನು ಮುಂದೆ ಏನು ಮಾಡಬೇಕು? ತಾಲ್ಲೂಕಿನಲ್ಲಿ ಅದನ್ನು ಕೂರಿಸಿಕೊಂಡು ಹೇಳುವವರು ಇಲ್ಲ. ಈ ಪತ್ರ ಅದರ ಬಗ್ಗೆ.

ನಾನು ರೇಷ್ಮೆ ಬೆಳೆಗಾರ. ವಯಸ್ಸು ಐವತ್ತು ದಾಟಿದೆ. ಬೀಡಿ ಹತ್ತಿದ್ದು ಮೀಸೆ ಬರುವ ವಯಸ್ಸಿನಲ್ಲಿ. ತೋಟದಲ್ಲಿದ್ದರೆ ಬೀಡಿ, ಗೂಡಿನ ಮಾರುಕಟ್ಟೆಗೆ ಹೋದರೆ ಸಿಗರೇಟು. ಲಾಟಿಗೆ, ಅಂದರೆ ನಮ್ಮ ಗೂಡಿನ ರಾಶಿಗೆ, ಎಷ್ಟು ರೇಟು ಬೀಳುತ್ತದೋ ಅಂತ ಕಾಯುವ ಹೊತ್ತಿನಲ್ಲಿ ಎಷ್ಟು ಸುಟ್ಟಿದ್ದೇನೋ ಲೆಕ್ಕ ಇಟ್ಟವನಲ್ಲ.

ಹುಳುಮನೆ ಒಳಗೆ ಮಾತ್ರ ಎಂದೂ ಸೇದಿಲ್ಲ. ನಮ್ಮಲ್ಲಿ ಯಾರೂ ಸೇದುವುದಿಲ್ಲ. ಹುಳುವಿಗೆ ಹೊಗೆಸೊಪ್ಪು ಆಗಿಬರುವುದಿಲ್ಲ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ನಾಟಿ ಮಾಡಬೇಡಿ ಅಂತ ಹೇಳುವುದು ಇದಕ್ಕೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ, ನಮ್ಮ ಕಡೆ ಆ ಕಾಟ ಇಲ್ಲ. ನಿಕೋಟಿನ್ ತಾಗಿದ ಸೊಪ್ಪು ತಿಂದ ಹುಳು ತಲೆ ಮೇಲೆತ್ತುತ್ತದೆ, ಬಾಯಿಂದ ರಸ ಕಾರುತ್ತದೆ, ಮೈ ಮುದುಡಿ ಸಾಯುತ್ತದೆ. ಹಿಂದಿನವರು ಗಿಡದ ಹುಳಕ್ಕೆ ಹೊಗೆಸೊಪ್ಪಿನ ಕಷಾಯ ಹೊಡೆಯುತ್ತಿದ್ದದ್ದೂ ಈ ನಿಕೋಟಿನ್ ನಂಬಿಕೊಂಡೇ. ಮನುಷ್ಯ ಹುಳುವಲ್ಲ, ಒಪ್ಪುತ್ತೇನೆ. ಆದರೆ ನಿಕೋಟಿನ್ ಅಂದರೆ ಏನು ಅಂತ ನಮ್ಮಂಥವರಿಗೆ ಪುಸ್ತಕ ಓದಿ ಗೊತ್ತಾಗಬೇಕಿಲ್ಲ.

ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದ ಹುಳು ಸೊಪ್ಪು ಮೇಯುವ ಸದ್ದು ಕೇಳಿದವರಿಗೇ ಗೊತ್ತು, ಮಳೆ ಹನಿದ ಹಾಗಿರುತ್ತದೆ. ಆ ಒಂದು ವಾರ ಮನೆಯವರಿಗೆ ನಿದ್ದೆ ಇಲ್ಲ. ಒಳಗೆ ಹೋಗಬೇಕಾದರೆ ಕೈ ತೊಳೆಯಬೇಕು, ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಬೇಕು. ನಡುವೆ ಬೀಡಿಗೆ ಅಂತ ಹೊರಗೆ ಬಂದರೆ ಮತ್ತೆ ಅಷ್ಟೂ ಆಗಬೇಕು. ನನ್ನ ಹೆಂಡತಿ ‘ಇವರ ಬೀಡಿಗೋಸ್ಕರ ಹುಳು ಕಾಯ್ಕೊಂಡಿರಬೇಕು’ ಅಂತ ಬೈದುಕೊಂಡೇ ಸೊಪ್ಪಿನ ಮಂಕರಿ ಎತ್ತುತ್ತಿದ್ದಳು. ನನಗೆ ಬಿಡಬೇಕು ಅನ್ನಿಸಿದ್ದು ಹೀಗೆ. ಕ್ಯಾನ್ಸರ್ ಫೋಟೊ ನೋಡಿ ಅಲ್ಲ. ಆ ಫೋಟೊ ನೋಡಿಯೇ ಕಡ್ಡಿ ಗೀರುವಷ್ಟು ಅಭ್ಯಾಸ ಆಗಿತ್ತು.

ಯುಗಾದಿಗೆ ಬಂದಿದ್ದ ನಮ್ಮ ಅಕ್ಕನ ಮಗ ಜೇಬಿನಿಂದ ಒಂದು ವೇಪ್ ತೆಗೆದು ಕೈಗಿಟ್ಟ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ಕು, ಅರ್ಧ ಗುಲಾಬಿ ಅರ್ಧ ನೀಲಿ. ಬಟನ್ನು ಇಲ್ಲ. ಬಾಯಿಗಿಟ್ಟು ಎಳೆದರೆ ತುದಿಯಲ್ಲಿ ಸಣ್ಣ ಲೈಟು ಹತ್ತುತ್ತದೆ. ಒಳಗೆ ಬ್ಯಾಟರಿ, ಒಂದು ಕಾಯಿಲ್ಲು (ಸುರುಳಿ ತಂತಿ), ದ್ರವ ಹೀರಿಕೊಂಡ ಹತ್ತಿ. ಕಾಯಿಲ್ಲು ಕಾದಾಗ ದ್ರವ ಆವಿ ಆಗುತ್ತದೆ, ಅಷ್ಟೇ. ಏನೂ ಸುಡುವುದಿಲ್ಲ. ‘ಮಾಮಾ, ಬೀಡಿ ತರ ಗುಟುಕು ಗುಟುಕಾಗಿ ಜೋರಾಗಿ ಎಳೀಬೇಡಿ, ನಿಧಾನಕ್ಕೆ ಉದ್ದಕ್ಕೆ ಎಳೀರಿ’ ಅಂದ. ಎಳೆದೆ. ಮಾವಿನ ಹಣ್ಣಿನ ಐಸ್ ಕ್ಯಾಂಡಿ ವಾಸನೆ. ಗಂಟಲು ಹಿಡಿದು ಕೆಮ್ಮು ಬಂತು, ತಲೆ ಗಿರ್ ಅಂದಿತು. ಮೊದಲು ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಕ್ಕ.

ಅವನನ್ನೇ ಗಮನಿಸುತ್ತಿದ್ದೆ. ಬೀಡಿ ಆರಿಹೋಗುತ್ತದೆ, ಮುಗಿಯುತ್ತದೆ, ಇನ್ನೊಂದು ಹಚ್ಚಬೇಕಾದರೆ ಎದ್ದು ಹೊರಗೆ ಹೋಗಬೇಕು. ಇದಕ್ಕೆ ಮುಗಿಯುವುದು ಅಂತಲೇ ಇಲ್ಲ. ಮಾತಿನ ಮಧ್ಯೆ ಒಂದು ದಮ್ಮು, ಟೀವಿ ನೋಡುತ್ತಾ ಒಂದು, ಹೋಳಿಗೆ ಬಡಿಸುವಷ್ಟರಲ್ಲಿ ಇನ್ನೊಂದು. ಶರಟಿನ ಜೇಬಿನ ತಳದಲ್ಲಿ ಎಣ್ಣೆ ಸೋರಿದಂಥ ಕಲೆ. ಏನಪ್ಪಾ ಇದು ಅಂದರೆ, ‘ಒಂದೊಂದ್ಸಲ ಲೀಕ್ ಆಗುತ್ತೆ ಮಾಮಾ’ ಅಂದ. ಆ ಕೈಯಲ್ಲಿ ನನ್ನ ಸೊಪ್ಪು ಮುಟ್ಟಬೇಡ, ಹುಳುಮನೆ ಕಡೆ ಹಾಯಬೇಡ ಅಂದೆ. ಅವನಿಗೆ ಬೇಜಾರಾಯಿತು. ಆಗಲಿ.

ಹುಡುಗ ದಡ್ಡನಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರವೇ ಸಿಗರೇಟು ಬಿಡುವವರಿಗೆ ವೇಪ್ ಕೊಡುತ್ತದೆ ಅಂತ ವಾದಿಸಿದ. ಅದು ನಿಜವೇ. 2023ರಲ್ಲಿ ಅಲ್ಲಿ ಹತ್ತು ಲಕ್ಷ ಜನಕ್ಕೆ ವೇಪ್ ಕಿಟ್ ಕೊಡುವ ಯೋಜನೆ ಪ್ರಕಟಿಸಿದರು. ಅಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಿಂತ ನಿಕೋಟಿನ್ ವೇಪಿನಿಂದ ಸಿಗರೇಟು ಬಿಟ್ಟವರು ಜಾಸ್ತಿ ಅಂತ ಸಂಶೋಧನೆಗಳೂ ಹೇಳಿವೆ. ಸಿಗರೇಟಿನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಸುಟ್ಟ ಹೊಗೆ, ಅದರ ಟಾರು, ಕಾರ್ಬನ್ ಮಾನಾಕ್ಸೈಡ್. ನಿಕೋಟಿನ್ ಚಟ ಹಿಡಿಸಿ ಕೂರಿಸುತ್ತದೆ. ಹಾಗಾಗಿ ಪೂರ್ತಿ ಸಿಗರೇಟು ಬಿಟ್ಟು ವೇಪಿಗೆ ಬಂದವನಿಗೆ ಅಪಾಯ ಕಡಿಮೆ ಎನ್ನುವುದು ಅಲ್ಲಿನ ವೈದ್ಯರ ಮಾತು. ನಿರಪಾಯ ಅಂತ ಅವರೂ ಹೇಳುವುದಿಲ್ಲ. ಸೇದದೇ ಇರುವವರು ಶುರು ಮಾಡಲೇಬೇಡಿ ಎನ್ನುತ್ತಾರೆ.

ಆದರೆ ಅಲ್ಲಿ ಕೊಡುವುದು ಯಾವುದು, ಇವನ ಜೇಬಲ್ಲಿದ್ದದ್ದು ಯಾವುದು? ಅಲ್ಲಿ ಒಂದು ಮಿಲಿ ಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮೀರುವಂತಿಲ್ಲ, ಟ್ಯಾಂಕಿನಲ್ಲಿ 2 ಮಿಲಿಗಿಂತ ಜಾಸ್ತಿ ದ್ರವ ಇರುವಂತಿಲ್ಲ. ಜೊತೆಗೆ ಬಿಡಿಸಲು ಸಲಹೆ ಕೊಡುವವರು ಇರುತ್ತಾರೆ. ಬಳಸಿ ಬಿಸಾಡುವ ವೇಪನ್ನು 2025ರ ಜೂನ್ 1ರಿಂದ ಅಲ್ಲೂ ನಿಲ್ಲಿಸಿದ್ದಾರೆ. ಇವನದು ಅಂಥದ್ದೇ, ಬಳಸಿ ಬಿಸಾಡುವುದು. ಮೇಲೆ 5% ಅಂತ ಅಚ್ಚಾಗಿತ್ತು. ಅಂದರೆ ಮಿಲಿಗೆ ಸುಮಾರು 50 ಮಿಲಿಗ್ರಾಂ, ಅಲ್ಲಿನ ಮಿತಿಯ ಎರಡೂವರೆ ಪಟ್ಟು. ಅದೂ ಅಚ್ಚು ನಂಬಿದರೆ. ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದೆ, ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಬೆಲೆ ಇಲ್ಲ. ಒಂದು ಪಾಕೆಟ್ ಬ್ಲೀಚಿಂಗ್ ಪೌಡರ್ ತಂದರೂ ಅದರ ಮೇಲೆ ಇಷ್ಟು ಬರೆದಿರುತ್ತದೆ.

2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರು ಶ್ವಾಸಕೋಶ ಕೆಟ್ಟು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದರು. ಮುಂದಿನ ವರ್ಷದ ಫೆಬ್ರವರಿ ಹೊತ್ತಿಗೆ 2,800 ದಾಟಿತ್ತು, 68 ಜನ ಸತ್ತಿದ್ದರು. ಹೆಚ್ಚಿನವು ಕಳ್ಳ ದಾರಿಯಲ್ಲಿ ಬಂದ ಗಾಂಜಾ ಎಣ್ಣೆಯ ವೇಪ್‌ಗಳು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಅಂತ ತಿಳಿಯಿತು. ಎಲ್ಲ ವೇಪೂ ಹಾಗೆ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಒಳಗೆ ಏನಿದೆ ಅಂತ ಕೇಳಲು ಯಾರೂ ಸಿಗದ ಸಾಮಾನು ಶ್ವಾಸಕೋಶಕ್ಕೆ ಹೋಗುತ್ತದೆ ಎನ್ನುವುದೇ ನನ್ನ ಭಯ. ನಮ್ಮಲ್ಲಿ ಸಿಗುವುದೆಲ್ಲ ಕಳ್ಳ ದಾರಿಯದ್ದೇ ತಾನೆ? ಕರ್ನಾಟಕ 2016ರಲ್ಲೇ ನಿಷೇಧ ಮಾಡಿತ್ತು. 2019ರಲ್ಲಿ ದೇಶಕ್ಕೇ ಕಾಯ್ದೆ ಬಂತು. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಂಗ್ರಹಿಸಿ ಇಟ್ಟವರಿಗೂ ಶಿಕ್ಷೆ ಇದೆ. ನನ್ನ ಅಳಿಯನಿಗೆ ಇದೊಂದೂ ಗೊತ್ತಿರಲಿಲ್ಲ.

ಇನ್ನು ಗಮ್ ವಿಚಾರ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕತ್ತರಿಸಬೇಡಿ.

ನಿಕೋಟಿನ್ ಗಮ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. 2 ಮಿಲಿಗ್ರಾಮಿನದಕ್ಕೆ ಡಾಕ್ಟರ ಚೀಟಿ ಬೇಡ, 4ರದ್ದಕ್ಕೆ ಬೇಕು. ಆದರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ದುಡ್ಡು ಇಸಿದುಕೊಳ್ಳುತ್ತಾರೆ. ಹೇಗೆ ಅಗಿಯಬೇಕು ಅಂತ ಹೇಳುವುದಿಲ್ಲ. ನಮ್ಮ ಬೀದಿಯ ರೀಲಿಂಗ್ (ಗೂಡಿನಿಂದ ನೂಲು ತೆಗೆಯುವ) ಕೆಲಸದ ಒಬ್ಬ ಅದನ್ನು ಬಬಲ್ ಗಮ್ ಥರ ಕಚಕಚ ಅಗಿದು, ಉಗುಳು ನುಂಗಿ, ಬಿಕ್ಕಳಿಕೆ ಹಿಡಿದು, ಹೊಟ್ಟೆ ತೊಳಸಿ, ‘ಇದೂ ಬೇಡ ಏನೂ ಬೇಡ’ ಅಂತ ಮತ್ತೆ ಬೀಡಿ ಹಚ್ಚಿದ. ಅವನ ತಪ್ಪೇನಿದೆ? ಗಮ್ ಅಂದರೆ ಅಗಿಯುವುದು ಅಂತಲೇ ಯಾರಾದರೂ ತಿಳಿದುಕೊಳ್ಳುತ್ತಾರೆ.

ನಿಧಾನಕ್ಕೆ ಕೆಲವು ಸಲ ಅಗಿಯಬೇಕು. ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಎಲೆ ಅಡಿಕೆ ಹಾಕುವವರಿಗೆ ಇದು ಸುಲಭ. ಚುರುಕು ಇಳಿದ ಮೇಲೆ ಮತ್ತೆ ಸ್ವಲ್ಪ ಅಗಿದು, ಈ ಸಲ ಇನ್ನೊಂದು ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗಬೇಕಾದ್ದು ಬಾಯಿಯ ಒಳಚರ್ಮದಿಂದ. ಉಗುಳಿನ ಜೊತೆ ಹೊಟ್ಟೆಗೆ ಇಳಿದರೆ ಕೆಲಸ ಮಾಡುವುದಿಲ್ಲ, ಬಿಕ್ಕಳಿಕೆ ಮಾತ್ರ ಬರುತ್ತದೆ. ಸಿಗರೇಟಿನ ಥರ ತಕ್ಷಣ ತಲೆಗೆ ಏರುವುದೂ ಇಲ್ಲ, ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಸೋತವರೇ ಜಾಸ್ತಿ.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಕಾಫಿ, ಜ್ಯೂಸ್, ಸೋಡಾ ಕುಡಿದ ಕಾಲು ಗಂಟೆಯೊಳಗೆ ಗಮ್ ಹಾಕಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಬಾಯಿಯ ಹುಳಿ ನಿಕೋಟಿನ್ ಒಳಗಿಳಿಯಲು ಬಿಡುವುದಿಲ್ಲ. ನಮ್ಮಂಥವರಿಗೆ ಸೇದಬೇಕು ಅನ್ನಿಸುವುದೇ ಕಾಫಿ ಟೀ ಲೋಟ ಕೆಳಗಿಟ್ಟ ಮೇಲೆ! ಹಾಗಾಗಿ ನಾನು ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಗಮ್ ಇಟ್ಟುಕೊಂಡು ಸೊಪ್ಪು ಕತ್ತರಿಸಲು ಹೋಗುತ್ತೇನೆ, ಟೀ ಆಮೇಲೆ. ಮೊದಮೊದಲು ಮನೆಯಲ್ಲಿ ಎಲ್ಲರಿಗೂ ಇದು ವಿಚಿತ್ರವಾಗಿ ಕಂಡಿತು.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅನ್ನುವವರಿಗೆ 2 ಮಿಲಿಗ್ರಾಂ ಸಾಲುವುದಿಲ್ಲ, 4 ಬೇಕಾಗಬಹುದು. ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಮೊದಲ ಕೆಲವು ವಾರ ಗಂಟೆಗೋ ಎರಡು ಗಂಟೆಗೋ ಒಂದು, ಆಮೇಲೆ ದೂರ ದೂರ, ಸುಮಾರು ಮೂರು ತಿಂಗಳಲ್ಲಿ ಅದನ್ನೂ ಬಿಡುವುದು ಸಾಮಾನ್ಯ ಕ್ರಮ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ಹಾಕಬಾರದು. ಸಿಟ್ಟು, ನಿದ್ದೆ ಬಾರದಿರುವುದು, ಸುಮ್ನೆ ಏನಾದರೂ ತಿನ್ನಬೇಕು ಅನ್ನಿಸುವುದು ಮೊದಲ ದಿನಗಳಲ್ಲೇ ಜಾಸ್ತಿ. ಸೇದಲೇಬೇಕು ಅನ್ನುವ ಸೆಳೆತ ಒಂದು ಸಲಕ್ಕೆ ಕೆಲವು ನಿಮಿಷದ್ದು. ಒಂದು ತಟ್ಟೆ ಹುಳುವಿಗೆ ಸೊಪ್ಪು ಕೊಡುವಷ್ಟರಲ್ಲಿ ಇಳಿದುಹೋಗುತ್ತದೆ. ನಾನು ಪೂರ್ತಿ ಗೆದ್ದೆ ಅಂತ ಬರೆಯುವುದಿಲ್ಲ. ಮಾರುಕಟ್ಟೆಗೆ ಹೋದ ದಿನ ಇವತ್ತಿಗೂ ಕಷ್ಟ.

ಬೀಡಿ ಬಿಟ್ಟೆ ಅಂತ ಗುಟ್ಕಾ ಹಿಡಿದವರನ್ನೂ ನೋಡಿದ್ದೇನೆ. ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರ ಆಗುತ್ತದೆ.

ಈ ಎಲ್ಲ ವಿವರ ನನಗೆ ಸಿಕ್ಕಿದ್ದು ಫೋನಿನಲ್ಲಿ. 1800-11-2356, ತಂಬಾಕು ಬಿಡಿಸುವ ಸಹಾಯವಾಣಿ, ಕೇಂದ್ರ ಸರ್ಕಾರದ್ದು, ದುಡ್ಡಿಲ್ಲ. ನಮ್ಮ ಕಡೆಯ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಿದರು. ಈ ನಂಬರ್ 2018ರಿಂದ ಪ್ಯಾಕೆಟ್ ಮೇಲೆಯೇ ಅಚ್ಚಾಗುತ್ತಿದೆ. ಇಷ್ಟು ವರ್ಷ ನನಗೇಕೆ ಕಾಣಲಿಲ್ಲ? ನಾನು ಸಿಗರೇಟು ಕೊಳ್ಳುತ್ತಿದ್ದದ್ದು ಬಿಡಿ ಬಿಡಿಯಾಗಿ. ಟೀ ಅಂಗಡಿಯವನು ಡಬ್ಬಿಯಿಂದ ಒಂದು ತೆಗೆದು ಕೊಡುತ್ತಾನೆ, ಪ್ಯಾಕೆಟ್ಟು ಅವನ ಗಲ್ಲಾ ಪಕ್ಕದಲ್ಲೇ ಇರುತ್ತದೆ. ಕೂಲಿಯವರು, ಕಾಲೇಜು ಹುಡುಗರು ಎಲ್ಲರೂ ಹೀಗೇ ಕೊಳ್ಳುವುದು. ಆ ನಂಬರ್ ಅಂಗಡಿಯವನ ಕಣ್ಣಿಗೆ ಮಾತ್ರ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ, 21 ವರ್ಷ ಆಗದವರಿಗೆ ಕೊಡುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ. ನಮ್ಮ ಕಡೆ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಇವತ್ತಿಗೂ ಒಂದೇ ಸಿಗುತ್ತದೆ, ಬೇಕಾದರೆ ನಿಮ್ಮ ವರದಿಗಾರರನ್ನು ಕಳಿಸಿ ನೋಡಿ.

ನನ್ನ ಕೇಳಿಕೆ ದೊಡ್ಡದಲ್ಲ. ನಿಕೋಟಿನ್ ಗಮ್ಮಿನಂಥ ಬದಲಿ ಮದ್ದನ್ನು ಕೇಂದ್ರದವರು 2022ರ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದಾರೆ. ಅಂದಮೇಲೆ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಅದು ಯಾವತ್ತೂ ಸಿಗಬೇಕು ಅಲ್ವಾ? ತಂಬಾಕು ಬಿಡಿಸುವ ಸಲಹೆಗೆ ಅಂತ ಜಿಲ್ಲಾ ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ, ಹುಳು ಬಿಟ್ಟು ಚಿಕ್ಕಬಳ್ಳಾಪುರಕ್ಕೆ ಹೋಗಿ ಬರಲು ನಮಗೆ ಪುರುಸೊತ್ತಿಲ್ಲ. ವಾರಕ್ಕೊಂದು ದಿನ, ಸಂತೆ ದಿನವೇ ಆಗಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು ನರ್ಸಮ್ಮ ಕೂತು ಗಮ್ ಹೇಗೆ ಇಟ್ಟುಕೊಳ್ಳಬೇಕು ಅಂತ ತೋರಿಸಿದರೆ ಸಾಕು. ಮೆಡಿಕಲ್ ಸ್ಟೋರಿನವರು ಸ್ಟ್ರಿಪ್ ಕತ್ತರಿಸುವಾಗ ಎರಡು ಮಾತು ಹೇಳಿದರೂ ಆಯಿತು. ಗೂಡಿನ ಮಾರುಕಟ್ಟೆಯ ಗೋಡೆಯಲ್ಲಿ ರೇಟು ತೋರಿಸುವ ಜಾಗದ ಪಕ್ಕ ಆ ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆಸಿ. ಕಾಯುತ್ತಾ ಸೇದುವವರೆಲ್ಲ ಆ ಕಡೆಗೇ ನೋಡುತ್ತಿರುತ್ತಾರೆ.

ಜಾಗ ಸಾಲದಿದ್ದರೆ ನನ್ನ ಅಳಿಯನ ಕಥೆ ತೆಗೆದುಹಾಕಿ. ಗಮ್ ವಿಚಾರ ಮತ್ತು ನಂಬರ್ ಬಿಡಬೇಡಿ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ (ಅಳಿಯನ ಸಲುವಾಗಿ ಹೆಸರು ಬೇಡ)
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ