ವೈವಾ ಮುಗಿಯಿತು, ಭಿವಂಡಿಯ ಗೋದಾಮಿನವರಿಗೆ ಮೊದಲ ನಮಸ್ಕಾರ

ಕಳೆದ ವಾರ ಮುಂಬಯಿಯ ಪವಾಯಿಯಲ್ಲಿ ನನ್ನ ಪಿಎಚ್‌.ಡಿ. ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಹರಸಿದ ಎಲ್ಲರಿಗೂ ವಂದನೆಗಳು. ಗೈಡ್ ಸರ್‌ಗೂ ಲ್ಯಾಬಿನ ಗೆಳೆಯರಿಗೂ ಥೀಸಿಸ್ಸಿನಲ್ಲೇ ಹೇಳಿದ್ದೇನೆ. ಅದನ್ನು ಓದಲು ಸಿಗದವರ ಋಣ ಇನ್ನೂ ದೊಡ್ಡದು.

ಜಿಪಿಎಸ್ ಸಿಗದ ಜಾಗದಲ್ಲಿ ರೋಬೋಟ್ ತಾನೇ ಮ್ಯಾಪ್ ಮಾಡಿಕೊಳ್ಳುತ್ತ, ಅದರಲ್ಲಿ ತಾನೆಲ್ಲಿದ್ದೇನೆಂದು ಕಂಡುಕೊಳ್ಳಬೇಕು. ಇದಕ್ಕೆ ಸ್ಲ್ಯಾಮ್ ಅನ್ನುತ್ತಾರೆ. ಮೇಜು, ಕುರ್ಚಿ, ಮೂಲೆಗಳಿರುವ ಲ್ಯಾಬಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಗೋದಾಮಿನಲ್ಲಿ ಹಾಗಲ್ಲ. ಎರಡೂ ಬದಿಗೆ ಪೆಟ್ಟಿಗೆ ಪೇರಿಸಿದ ಉದ್ದನೆಯ ಓಣಿಯಲ್ಲಿ ಎಷ್ಟು ಮುಂದೆ ಹೋದರೂ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರಿಗೆ ಕಾಣುವುದು ಅದೇ ಎರಡು ಗೋಡೆ. ರೋಬೋಟ್ ಓಡುತ್ತಿರುತ್ತದೆ, ಅದರ ಲೆಕ್ಕದಲ್ಲಿ ಮಾತ್ರ ನಿಂತಲ್ಲೇ ಇರುತ್ತದೆ. ಚಕ್ರದ ಸುತ್ತು ಎಣಿಸೋಣವೆಂದರೆ ಮಳೆಗಾಲದ ಒದ್ದೆ ನೆಲದಲ್ಲಿ ಚಕ್ರ ಜಾರುತ್ತದೆ. ಯಾವ ದಿಕ್ಕಿಗೆ ಯಾವ ಸೆನ್ಸರನ್ನು ಎಷ್ಟು ನಂಬಬೇಕು ಎಂಬುದೇ ನನ್ನ ಥೀಸಿಸ್.

ಇದನ್ನು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷಿಸಿದರೆ ಸಾಲದು. ಮುಂಬಯಿ ಹತ್ತಿರದ ಭಿವಂಡಿಯ ಶೆಟ್ರು ರಾತ್ರಿ ಲೋಡಿಂಗ್ ಮುಗಿದ ಮೇಲೆ ತಮ್ಮ ಗೋದಾಮಿನ ಒಂದು ಓಣಿಯನ್ನು ನಮಗೆ ಬಿಟ್ಟುಕೊಟ್ಟರು. "ಪೆಟ್ಟಿಗೆ ಸರಿಸ್ಲಿಕ್ಕುಂಟಾದ್ರೆ ಹೇಳಿ ಮಾರಾಯ್ರೆ, ಸಂಕೋಚ ಬೇಡ" ಅಂದರು. ಕಲಬುರಗಿ ಕಡೆಯ ಹಮಾಲಿ ಅಣ್ಣಂದಿರು ದಿನವಿಡೀ ಮೂಟೆ ಹೊತ್ತ ಮೇಲೂ ನನ್ನ ಜೊತೆ ಕುಕ್ಕುರುಗಾಲಲ್ಲಿ ಕೂತು, ಟೇಪು ಎಳೆದು ಹಿಡಿದು, ಮೀಟರಿಗೊಂದು ಸೀಮೆಸುಣ್ಣದ ಗೆರೆ ಹಾಕಿದರು. ರೋಬೋಟಿನ ಲೆಕ್ಕ ಎಷ್ಟು ತಪ್ಪಿತು ಎಂದು ಗೊತ್ತಾಗುತ್ತಿದ್ದುದು ಆ ಗೆರೆಗಳಿಂದಲೇ. ಪರೀಕ್ಷಕರು ಬಹಳ ಹೊತ್ತು ಪ್ರಶ್ನೆ ಕೇಳಿದ್ದೂ, ಕೊನೆಗೆ ಮೆಚ್ಚಿದ್ದೂ ಆ ಅಧ್ಯಾಯವನ್ನೇ. ಅಣ್ಣಂದಿರಾ, ಆ ಮೆಚ್ಚುಗೆ ನಿಮ್ಮದೂ ಹೌದು.

ವರ್ಕ್‌ಶಾಪಿನ ಕಾಕಾ, ಲೇತಿನ ಮುಂದೆ ನಿಂತು ಚಕ್ರದ ಹಬ್ ಮತ್ತೆ ಮತ್ತೆ ಕಡೆದುಕೊಟ್ಟಿರಿ. ಮುಲುಂಡಿನ ದೊಡ್ಡಮ್ಮ, ಎಷ್ಟು ತಡವಾಗಿ ಬಂದರೂ ಬಿಸಿ ಸಾರು ಬಡಿಸಿದಿರಿ. ನಿಮ್ಮಿಬ್ಬರಿಗೂ ಕೈಮುಗಿಯುತ್ತೇನೆ.

ಮುಖ ನೋಡದವರ ಋಣವೂ ಇದೆ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಪ್ರಕಟಿಸಿದ ಎ-ಸ್ಟಾರ್ ವಿಧಾನದಿಂದಲೇ ನನ್ನ ರೋಬೋಟ್ ದಾರಿ ಹುಡುಕುತ್ತದೆ. 2007ರಲ್ಲಿ ಶುರುವಾದ, ರೋಬೋಟಿನ ಭಾಗಗಳನ್ನು ಒಟ್ಟಿಗೆ ಕೆಲಸ ಮಾಡಿಸುವ ರಾಸ್ (ROS) ತಂತ್ರಾಂಶವನ್ನು ಜಗತ್ತಿನ ಎಷ್ಟೋ ಜನ ಬೆಳೆಸಿ ಮುಕ್ತವಾಗಿ ಇಟ್ಟಿರದಿದ್ದರೆ, ನಮ್ಮಂಥ ಪುಟ್ಟ ತಂಡಕ್ಕೆ ಸೆನ್ಸರುಗಳನ್ನು ಜೋಡಿಸುವುದರಲ್ಲೇ ವರ್ಷಗಳು ಕಳೆಯುತ್ತಿದ್ದವು. ಗೋದಾಮಿನ ಡೇಟಾವನ್ನು ನಾನೂ ಶೆಟ್ರ ಒಪ್ಪಿಗೆ ಪಡೆದು ಎಲ್ಲರಿಗೂ ಸಿಗುವಂತೆ ಇಡುತ್ತಿದ್ದೇನೆ. ಸೀಮೆಸುಣ್ಣದ ಅಳತೆಗಳೂ ಅದರಲ್ಲಿವೆ. ಬೇಕಾದ ವಿದ್ಯಾರ್ಥಿಗಳು ಧಾರಾಳವಾಗಿ ಬಳಸಿ.